ಹಿಮ್ಮಡಿ ಓದುವ ತಾಂಡೇಲ

ಬಾನಂಚು ಬೆಳಗುವ ಹೊತ್ತಿಗೆ ಬಂದರಿನ ದೋಣಿಗಳೆಲ್ಲ ಎರಡೆರಡು ಹಗ್ಗ ಬಿಗಿದು ನಿಂತಿವೆ. ಈಶಾನ್ಯದ ಗಾಳಿ ಎದ್ದಿದೆ. ಲೆಕಾಲ್ ಮಾತ್ರ ಹಗ್ಗ ಬಿಚ್ಚುತ್ತಾರೆ. ತೈವಾನಿನ ಈ ಪೂರ್ವ ಕರಾವಳಿಯಲ್ಲಿ ಉಳಿದವರು ದಡ ಸೇರುವ ಗಾಳಿಗೇ ಭರ್ಜಿಯ ದೋಣಿ ಹೊರಡುವುದು. ತೆರೆ ಎದ್ದರಷ್ಟೇ ಕೊಂಬುಮೂತಿಯ ಮಾರ್ಲಿನ್ ಮೀನು ಮೇಲೆ ಬಂದು, ಬಾಲ ತೋರಿಸಿ ತೆರೆಯ ಜೊತೆ ಓಡುತ್ತದೆ.

ಲೆಕಾಲ್‌ಗೆ ಅರವತ್ತೊಂದು. ತೈವಾನಿನ ಮೂಲನಿವಾಸಿಗಳಾದ ಆಮಿಸ್ ಜನ. ಅವರಲ್ಲಿ ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗುತ್ತಾನೆ. ಇವರೂ ಹಾಗೇ ಹೆಂಡತಿ ಸಾವ್ಮಾ ಅವರ ಮನೆಗೆ ಬಂದು, ಆ ಮನೆಯವರ ಜೊತೆಗೇ ಕಡಲಿಗಿಳಿದವರು. ಮೂವತ್ತೆರಡು ವರ್ಷದಿಂದ ಚುಕ್ಕಾಣಿ ಹಿಡಿದಿದ್ದಾರೆ. ಬಂದರಿನ ಗೋಡೆಯ ಮೇಲೆ ಭರ್ಜಿ ಎಸೆಯುವವರ ಚಿತ್ರಗಳಿವೆ. ಚುಕ್ಕಾಣಿ ಹಿಡಿಯುವ ತಾಂಡೇಲನದು ಒಂದೂ ಇಲ್ಲ.

ಭರ್ಜಿ ಐದು ಮೀಟರ್ ಉದ್ದ, ತುದಿಗೆ ಮೂರು ಮೊನೆ. ಎಸೆಯುವವನು ದೋಣಿಯ ಮೂತಿಯಿಂದ ಆಚೆ ಚಾಚಿದ ಅಟ್ಟದ ಮೇಲೆ, ಎರಡು ಪಟ್ಟಿಗಳಲ್ಲಿ ಪಾದ ತೂರಿಸಿ ನಿಲ್ಲುತ್ತಾನೆ. ಮೀನು ದೂರವಿದ್ದಾಗ ಕೈ ಚಾಚಿ ದಾರಿ ತೋರಿಸುತ್ತಾನೆ. ಕೊನೆಯ ಇಪ್ಪತ್ತು ಮಾರಿನಲ್ಲಿ ಎರಡೂ ಕೈ ಭರ್ಜಿಯ ಮೇಲಿರುತ್ತವೆ. ಹಿಂದೆ ಕೂತ ತಾಂಡೇಲನಿಗೆ ಮೀನು ಕಾಣದು, ಮಾತು ಗಾಳಿಯಲ್ಲಿ ಕೇಳದು. ಆಗ ಲೆಕಾಲ್ ನೋಡುವುದು ಒಂದನ್ನೇ: ಅಟ್ಟದ ಮೇಲಿನವನು ಹಿಂದಿಟ್ಟ ಕಾಲಿನ ಹಿಮ್ಮಡಿ. ಅದು ಎದ್ದರೆ ಎಡಕ್ಕೆ, ಊರಿದರೆ ಬಲಕ್ಕೆ.

ಈ ಲೆಕ್ಕದಲ್ಲಿ ಲೆಕಾಲ್ ಇಪ್ಪತ್ತೆಂಟು ವರ್ಷ ದೋಣಿ ನಡೆಸಿದ್ದು ಭರ್ಜಿ ಎಸೆಯುತ್ತಿದ್ದ ಆಪಾಕ್ ಅವರಿಗಾಗಿ. ಹೋದ ವರ್ಷ ಆಪಾಕರ ಮಂಡಿ ಕೈಕೊಟ್ಟಿತು. ಈ ಸಲದ ಗಾಳಿಗೆ ಅಟ್ಟಕ್ಕೆ ಸಾವ್ಮಾರ ತಮ್ಮ ಕುಲಸ್ ಹತ್ತಿದರು. ಆಮೇಲೆ ಶುರುವಾಯಿತು ಗ್ರಹಚಾರ. ಮೂರು ವಾರ ಗಾಳಿ ಚೆನ್ನಾಗಿ ಬೀಸಿತು, ಇಪ್ಪತ್ತೊಂದು ಮೀನು ಕಂಡವು, ಒಂದಕ್ಕೂ ಭರ್ಜಿ ತಾಗಲಿಲ್ಲ. ಕುಲಸ್‌ಗೆ ನೂಡಲ್ಸ್ ಅಂಗಡಿಯಲ್ಲಿ ಕೂರುವುದೇ ಕಷ್ಟವಾಯಿತು. ನೀರಿಗೆ ಹೊಲಿಗೆ ಹಾಕೋನು ಬಂದ ಅಂತ ಅಲ್ಲಿ ನಗುತ್ತಿದ್ದರು. ದೋಣಿಯ ಒಡೆಯ ಗೋ ಬೂನ್‌ತ್ಸಾಯ್ ಗಡುವು ಹೇಳಿಬಿಟ್ಟರು. ಹತ್ತು ದಿನದಲ್ಲಿ ಮೀನು ಬರಬೇಕು. ಇಲ್ಲವೇ ಅಟ್ಟ ಕೊಯ್ದು ಹಾಕಿ, ದೋಣಿಗೆ ಬಲೆ ಹೊರಿಸುವುದು. ಅಟ್ಟವಿರುವ ದೋಣಿ ಈ ಬಂದರಿನಲ್ಲಿ ಇದೊಂದೇ.

ಹುಡುಗನ ತಪ್ಪು ಹಿಡಿದುಕೊಡು ಎಂದು ಒಡೆಯರೇ ಆಪಾಕರನ್ನು ದೋಣಿ ಹತ್ತಿಸಿದರು. ಮೂವತ್ತಾರು ದಾಟಿದ ಕುಲಸ್ ಒಡೆಯರಿಗೆ ಇನ್ನೂ ಹುಡುಗನೇ. ಆಪಾಕ್ ಕುಂಟುತ್ತಾ ಬಂದು ಲೆಕಾಲ್ ಪಕ್ಕ ಕೂತರು. ಎರಡು ಮೀನು ತಪ್ಪುವುದನ್ನು ನೋಡಿದರು. ಆಮೇಲೆ ಅಂದರು:

"ಅವನ ಕಾಲು ಸರಿಯಾಗೇ ಹೇಳ್ತಿದೆ ಕಣೋ. ನೀನು ಇನ್ನೂ ನನ್ನ ಕಾಲು ಓದ್ತಿದೀಯ."

ಕುಲಸ್ ಎಡಚ. ಆಪಾಕರ ಬಲಗಾಲು ಹಿಂದಿರುತ್ತಿತ್ತು, ಇವರದು ಎಡಗಾಲು. ಹಿಮ್ಮಡಿ ಎದ್ದರೆ ಈಗ ಮೀನು ಬಲಕ್ಕೆ. ಲೆಕಾಲ್ ಮಾತ್ರ ಅಭ್ಯಾಸಬಲದಲ್ಲಿ ಪ್ರತಿ ಸಲವೂ ದೋಣಿಯನ್ನು ಮೀನಿನಿಂದ ಆಚೆಗೆ ತಿರುಗಿಸುತ್ತಿದ್ದರು. ಹಿಮ್ಮಡಿ ನೋಡುವ ಗುಟ್ಟನ್ನು ಲೆಕಾಲ್ ಯಾರಿಗೂ ಹೇಳಿದವರಲ್ಲ. ನಿಂಗೆ ಹೇಗೆ ಗೊತ್ತು ಎಂದು ಕೇಳಿದರು.

"ಗೊತ್ತಿಲ್ದೆ ಏನು? ನಾನು ಹರಕಲು ಕಾಲ್ಚೀಲ ಹಾಕೋದು ಬಿಟ್ಟಿದ್ದೇ ಅದಕ್ಕೆ."

ಅಂದಿನಿಂದ ಸಂಜೆ ಹೊತ್ತು ಕಟ್ಟಿಹಾಕಿದ ದೋಣಿಯಲ್ಲಿ ಪಾಠ. ಕುಲಸ್ ಅಟ್ಟದ ಮೇಲೆ ಹಿಮ್ಮಡಿ ಎತ್ತುವುದು, ಲೆಕಾಲ್ ಚುಕ್ಕಾಣಿ ತಿರುಗಿಸುವುದು. ಭಾವಮೈದುನರು ಕುಣಿತ ಕಲಿಯುತ್ತಿದ್ದಾರೆ ಎಂದು ದಡದವರು ಕಿಚಾಯಿಸಿದರು. ಮೊದಲ ಎರಡು ದಿನ ಲೆಕಾಲರ ಕೈ ಕೇಳಲಿಲ್ಲ. "ತಲೆಗೆ ಅರ್ಥವಾಗಿತ್ತು. ಕೈಗೆ ಆಗಿರಲಿಲ್ಲ," ಎನ್ನುತ್ತಾರೆ.

ಗಡುವಿನ ಒಂಬತ್ತನೆಯ ದಿನ, ಇವತ್ತು, ಬಿಸಿಲೇರುವ ಮೊದಲೇ ಬಾಲವೊಂದು ತೆರೆಯ ಮೇಲೆ ಹೊಳೆಯುತ್ತದೆ. ಕುಲಸ್ ಕೈ ಚಾಚುತ್ತಾರೆ, ಆಮೇಲೆ ಭರ್ಜಿ ಎತ್ತುತ್ತಾರೆ. ಹಿಮ್ಮಡಿ ಏಳುತ್ತದೆ. ಲೆಕಾಲ್ ಹಲ್ಲು ಕಚ್ಚಿ ಬಲಕ್ಕೆ ತಿರುಗಿಸುತ್ತಾರೆ. ಭರ್ಜಿ ಹೋಗಿ ನಾಟುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಮೀನಿನ ಹಿಂದೆ ಓಡುತ್ತದೆ.

ನೂರ ನಲವತ್ತೆರಡು ಕಿಲೋ. ಹರಾಜಿನ ಕಟ್ಟೆಯಲ್ಲಿ ಜನ ಕುಲಸ್ ಬೆನ್ನು ತಟ್ಟುತ್ತಾರೆ. ಅಂತೂ ನಿನ್ನ ಕೈ ಕುದುರಿತು ಎಂದು ಒಡೆಯರು ನಗುತ್ತಾರೆ. ಕುಲಸ್ ತಲೆ ತಗ್ಗಿಸಿ ನಿಂತಿದ್ದಾರೆ. ಲೆಕಾಲ್ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಅವನ ಕೈ ಮೊದಲಿಂದ್ಲೂ ಸರೀನೇ ಇತ್ತು," ಎನ್ನುತ್ತಾರೆ. "ಅಷ್ಟೂ ಮೀನು ತಪ್ಪಿಸಿದ್ದು ನಾನು."

"ಬಿಡಿ ಭಾವ," ಎನ್ನುತ್ತಾರೆ ಕುಲಸ್.

"ಬಿಡೋದೇನು? ನಕ್ಕೋರೆಲ್ಲ ಇಲ್ಲೇ ಇದಾರೆ. ಕೇಳಿಸ್ಕೊಳ್ಲಿ."

ಅಟ್ಟ ಕೊಯ್ಯಲು ಹೇಳಿಟ್ಟಿದ್ದ ಬೆಸುಗೆಯವನು ಮಧ್ಯಾಹ್ನ ಸಿಲಿಂಡರ್ ಹೊತ್ತು ಬಂದೇ ಬಿಡುತ್ತಾನೆ. ಬಂದವನನ್ನು ಬರಿಗೈಲಿ ಯಾಕೆ ಕಳಿಸುವುದು ಎನ್ನುತ್ತಾರೆ ಒಡೆಯರು. ಪಾದದ ಪಟ್ಟಿಗಳು ಇನ್ನೂ ಆಪಾಕರ ನಿಲುವಿಗೇ ಕೂತಿವೆ. ಕುಲಸ್ ಇಷ್ಟು ದಿನ ಅವುಗಳಲ್ಲೇ ಸೊಟ್ಟಗೆ ನಿಂತವರು. ಬೆಸುಗೆಯವನು ಅವನ್ನು ಕಿತ್ತು, ಎಡಗಾಲು ಹಿಂದೆ ಬರುವಂತೆ ಕೂರಿಸುತ್ತಾನೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟವರು ಲೆಕಾಲ್.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಲೆಕಾಲ್ ಕೈಯ ಸುಣ್ಣ ಒರೆಸಿಕೊಳ್ಳುತ್ತಾರೆ.

"ಒಬ್ಬನ ಕಾಲು ಓದೋಕೆ ನಾಲ್ಕು ವರ್ಷ ಹಿಡಿದಿತ್ತು ನಂಗೆ. ಇವನದು ವಾರದಲ್ಲಿ ಬಂತು. ನಾಳೆನೂ ಗಾಳಿ ಹೀಗೇ ಇರ್ಲಿ, ಸಾಕು."