ಹಿಂದಕ್ಕೆ ನಡೆಯುವ ವಿದ್ಯೆ

ಸಿಂಧನೂರಿನ ಮೈದಾನದಲ್ಲಿ ಈಚೆಗೆ ಒಂದು ವಿಚಿತ್ರ ವ್ಯಾಧಿ ಹಬ್ಬಿದೆ: ಮುಂಜಾನೆ ವಾಯುವಿಹಾರಕ್ಕೆ ಬರುವ ಸಭ್ಯ ಗೃಹಸ್ಥರೆಲ್ಲ ಹಿಂದಕ್ಕೆ ನಡೆಯುತ್ತಾರೆ. ಮೊಣಕಾಲಿಗೆ ಒಳ್ಳೆಯದಂತೆ. ನಿವೃತ್ತ ತಹಶೀಲ್ದಾರರು ನಿವೃತ್ತ ಹೆಡ್‌ಮಾಸ್ತರರಿಗೆ ಬೆನ್ನಿನಿಂದಲೇ ಢಿಕ್ಕಿ ಹೊಡೆದು, ಮುಖ ನೋಡುವ ಮೊದಲೇ ಕ್ಷಮೆ ಕೇಳುವುದು ಇಲ್ಲಿ ನಿತ್ಯದ ನೋಟ. ಡಾಕ್ಟರರ ಅಪ್ಪಣೆಯಂತೆ ನಾನೂ ಈ ಪರಾಙ್ಮುಖ ಪಂಥಕ್ಕೆ ಸೇರಿದ್ದೇನೆ. ನಗಬೇಡಿ ಮಿತ್ರರೇ, ಈ ವಿದ್ಯೆಯನ್ನು ನನಗೆ ಮೊದಲು ಕಲಿಸಲು ಬಂದವನು ಒಬ್ಬ ಸಿನಿಮಾ ನಿರ್ದೇಶಕ. ನಾನೇ ಕಲಿಯಲಿಲ್ಲ.

ಅವನು ದುರುಗಪ್ಪ, ಮಸ್ಕಿಯವನು. ತಾಯಿ ಜವಳಗೇರಾದ ಗದ್ದೆಗಳಲ್ಲಿ ನೆಲ್ಲು ಹಚ್ಚುತ್ತಿದ್ದಳು; ಭತ್ತದ ನಾಟಿಗೆ ನಮ್ಮ ಕಡೆಯ ಮಾತು ಅದು. ಲಿಂಗಸುಗೂರಿನ ಕಾಲೇಜಿನಲ್ಲಿ ನಾನು ಕನ್ನಡ ಬೋಧಿಸುತ್ತಿದ್ದಾಗ ಕೊನೆಯ ಬೆಂಚಿನ ಶಿಷ್ಯ. ಒಮ್ಮೆ ತರಗತಿಯಲ್ಲಿ, ಭತ್ತದ ನಾಟಿಯ ಕುರಿತು ನಾನೇ ರಚಿಸಿದ ಪದ್ಯವನ್ನು ಕಣ್ಣುಮುಚ್ಚಿ ವಾಚಿಸುತ್ತಿದ್ದೆ. ಭೂದೇವಿ, ಹಸುರು ಸೀರೆ, ಜರಿಯಂಚು ಎಲ್ಲವೂ ಇದ್ದ ಪದ್ಯ. ಅವನು ಎದ್ದುನಿಂತು, “ಸರ, ಟೊಂಕ ನೋಯೋದರ ಬಗ್ಗೆ ಒಂದ್ ಸಾಲೂ ಇಲ್ಲಲ್ರಿ?” ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಆ ಪದ್ಯವನ್ನು ಮಾತ್ರ ಮತ್ತೆಂದೂ ಓದಲಿಲ್ಲ.

ಅಂಗಡಿಗಳ ಬೋರ್ಡು ಬರೆದು, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಬೈಸಿಕೊಂಡು, ಕೊನೆಗೆ ನಮ್ಮ ಕಡೆಗೇ ಮರಳಿ ಸಿನಿಮಾ ಮಾಡತೊಡಗಿದ ದುರುಗಪ್ಪನದು ಒಂದು ವಿಲಕ್ಷಣ ಪದ್ಧತಿ. ದೃಶ್ಯ ಮುಗಿದ ಮೇಲೆ ‘ಓಕೆ’ ಎನ್ನುವ ಅಧಿಕಾರ ಅವನದಲ್ಲ; ಆ ಕೆಲಸವನ್ನೇ ಮಾಡಿ ಬದುಕುವವರದು. ಬಸ್ಸಿನ ದೃಶ್ಯಕ್ಕೆ ಕಂಡಕ್ಟರ್, ರೊಟ್ಟಿಯ ದೃಶ್ಯಕ್ಕೆ ಖಾನಾವಳಿಯ ಅಕ್ಕ. ಮೀನು ಕೊಯ್ಯುವ ದೃಶ್ಯ ನೋಡಲು ಕೂರಿಸಿದ್ದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಅಜ್ಜಿಯೊಬ್ಬಳು ಹನ್ನೊಂದು ಸಲ ತಲೆಯಲ್ಲಾಡಿಸಿ, ಹನ್ನೆರಡನೆಯ ಸಲ ನಟಿಯನ್ನು ಈಳಿಗೆಯಿಂದ ಎಬ್ಬಿಸಿ ತಾನೇ ಕೂತು ಕೊಯ್ದಳಂತೆ. ಸಿನಿಮಾದಲ್ಲಿರುವುದು ಆ ಅಜ್ಜಿಯ ಕೈ.

ಇಂಥವನು ನನಗೊಂದು ಪಾತ್ರ ಕೊಟ್ಟ. ಕೂಲಿಯಿಂದ ಮೇಲೆ ಬಂದ ಮುದುಕನೊಬ್ಬ ಹಳೆಯ ಸಂಗಾತಿಗಳ ಜೊತೆ ಮತ್ತೆ ಗದ್ದೆಗಿಳಿಯುತ್ತಾನೆ. ಸಿನಿಮಾದ ಜೀವವೇ ಆ ದೃಶ್ಯ. “ಎರಡು ದಿನ ಹೆಣ್ಣುಮಕ್ಕಳ ಜೋಡಿ ನೆಲ್ಲು ಹಚ್ಚಿ ರೂಢಿ ಮಾಡ್ಕೋರಿ ಸರ” ಎಂದ. ವಳಕಮದಿನ್ನಿಯಲ್ಲಿ ತಲೆಮಾರುಗಳಿಂದ ಗದ್ದೆಯಿರುವ ಮನೆತನದ ನನಗೆ ರೂಢಿಯೇ! “ನನಗ ನೆಲ್ಲು ಕಲಿಸ್ತೀಯೇನಲೇ?” ಎಂದು ಮೀಸೆ ತಿರುವಿದೆ.

ಆ ಹಂಗಾಮಿನಲ್ಲಿ ನಾಟಿಯಾಗದೆ ಉಳಿದಿದ್ದದ್ದು ಒಂದೇ ಗದ್ದೆ. ಒಮ್ಮೆ ಹಚ್ಚಿ ಮುಗಿದರೆ ದೃಶ್ಯ ಮುಂದಿನ ಹಂಗಾಮಿಗೇ. ದುರುಗಪ್ಪನ ತಾಯಿಯ ಜೊತೆಗಾತಿಯಾಗಿದ್ದ ಹನುಮವ್ವನ ಪಕ್ಕದಲ್ಲಿ ನಾನು ಕೆಸರಿಗಿಳಿದೆ. ಕ್ಯಾಮೆರಾ ಹೊರಟಿತು. ಹೆಣ್ಣುಮಕ್ಕಳೆಲ್ಲ ಬಾಗಿ, ಸಸಿ ಊರುತ್ತ, ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಸರಿದರು. ಪ್ರಗತಿಯೆಂದರೆ ಮುಂದೆ ಹೋಗುವುದೆಂದು ಮೂವತ್ತು ವರ್ಷ ಬೋಧಿಸಿದ ನಾನು ಗಂಭೀರವಾಗಿ ಮುಂದಕ್ಕೆ ನಡೆದೆ.

“ಅಯ್ಯ ಶಿವನ! ಸರ, ಹಚ್ಚಿದ್ದನ್ನ ತುಳ್ಯಾಕತ್ತೀರಲ್ರೀ!” ಎಂದಳು ಹನುಮವ್ವ. ಹೆಣ್ಣುಮಕ್ಕಳು ಬಿದ್ದುಬಿದ್ದು ನಕ್ಕರು. ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ. ಮೊಣಕಾಲಿನವರೆಗೆ ಆಗಲೇ ಬಿಟ್ಟಿತ್ತು. ಶಿಷ್ಯನ ವರ್ಷದ ದುಡಿಮೆಯನ್ನು ಕೆಡಿಸಿದೆನಲ್ಲ ಎಂದುಕೊಂಡೆ. ದುರುಗಪ್ಪ ಮಾತ್ರ ಕ್ಯಾಮೆರಾ ನಿಲ್ಲಿಸಲಿಲ್ಲ. ಹನುಮವ್ವ ನಾನು ತುಳಿದ ಸಸಿಗಳನ್ನು ಒಂದೊಂದಾಗಿ ಎತ್ತಿ ಊರಿ, ನನ್ನ ಹೆಜ್ಜೆಯ ಗುಂಡಿಗಳನ್ನು ಅಂಗೈಯಿಂದ ಸವರಿ ಮುಚ್ಚಿದಳು.

ಆಮೇಲೆ ಅವನು ಪದ್ಧತಿಯಂತೆ ಅವಳಿಗೇ ತೋರಿಸಿ, “ಹೆಂಗೈತವ್ವಾ?” ಎಂದ. ಅವಳು ಬಹಳ ಹೊತ್ತು ನೋಡಿದಳು. “ನಂದು ಬರೋಬ್ಬರಿ ಐತಪ. ಸರ ಕೂಲಿಯಾಳಲ್ಲ, ಗದ್ದಿ ಮಾಲಕ್ರು. ಮಾಲಕ್ರು ಗದ್ದಿಗಿಳಿದ್ರ ಹಿಂಗ ಆಗೋದು. ಅದೂ ಖರೇನ ಐತಿ.”

“ಹಂಗಾರ ಓಕೆ” ಎಂದ ದುರುಗಪ್ಪ. ನನ್ನ ಪಾತ್ರ ಆ ಕ್ಷಣವೇ ಕೂಲಿಯಿಂದ ಮಾಲೀಕನಿಗೆ ಬಡ್ತಿ ಪಡೆಯಿತು.

ಸಿಂಧನೂರಿನ ಟಾಕೀಸಿನಲ್ಲಿ ಸಿನಿಮಾ ಬಂದಾಗ ಹೆಂಡತಿಯ ಜೊತೆ ಮೂಲೆಯ ಸೀಟಿನಲ್ಲಿ ಮುದುಡಿ ಕೂತೆ. ಜನ ನನ್ನನ್ನು ನೋಡಿ ನಕ್ಕರು, ಸಿಳ್ಳೆಯನ್ನೂ ಹೊಡೆದರು. ಆದರೆ ಹನುಮವ್ವನ ಆ ಅಂಗೈ ಕೆಸರನ್ನು ಸವರತೊಡಗಿದಾಗ ಸಿಳ್ಳೆಗಳು ನಿಂತವು. ನನ್ನ ಅವಮಾನವೆಂದು ನಾನು ನಿದ್ದೆಗೆಟ್ಟಿದ್ದ ದೃಶ್ಯದಲ್ಲಿ ನಾನು ಬರೀ ನೆಪ. ಅನ್ನ ಉಣ್ಣುತ್ತಲೇ ಮುದುಕನಾದ ನಾನು ಆ ಕೈಯನ್ನು ನೋಡಿದ್ದು ಅದೇ ಮೊದಲು. ಹೆಂಡತಿ ಕಣ್ಣೊರೆಸಿಕೊಂಡಳು, ನಾನೂ ಅತ್ತೆ, ಹೇಳಲು ನಾಚಿಕೆಯಿಲ್ಲ. ಗುರುವಿನ ತಪ್ಪನ್ನು ಗುರುವಿಗೇ ಪಾಠ ಮಾಡಿದ ಶಿಷ್ಯ ಅವನು.

ಮೊನ್ನೆ ಮುಂಜಾನೆ ಮೈದಾನದಲ್ಲಿ ಡಾಕ್ಟರರು ಹೇಳಿದಂತೆ ಅಡಿಗಡಿಗೆ ಹಿಂದೆ ಸರಿಯುತ್ತಿದ್ದೆ. ಪಕ್ಕದ ರಸ್ತೆಯಲ್ಲಿ ಕೂಲಿಗೆ ಹೊರಟ ಹೆಣ್ಣುಮಕ್ಕಳ ಟ್ರ್ಯಾಕ್ಟರ್ ನಿಧಾನವಾಯಿತು. ಟ್ರೇಲರಿನಿಂದ ಹನುಮವ್ವ ಕೂಗಿದಳು:

“ಸರ, ಈಗ ನಡಿಗಿ ಬರೋಬ್ಬರಿ ಐತ್ರಿ! ಆದ್ರ ಏನೂ ಹಚ್ಚಿಲ್ಲಲ್ರೀ?”

ಟ್ರ್ಯಾಕ್ಟರ್ ಜವಳಗೇರಾದ ಕಡೆ ಹೋಯಿತು. ನಾನು ಕಣ್ಣೆದುರಿನ ನೆಲ ನೋಡಿದೆ. ಅಷ್ಟುದ್ದಕ್ಕೂ ನನ್ನ ಬೂಟಿನ ಗುರುತು ಮಾತ್ರ ಇತ್ತು.