ಒಂಬತ್ತರ ಕೈ

೧೯೯೮ರಲ್ಲಿ ನಾನು ಐದನೇ ಇಯತ್ತೆಯನ್ನು ನಡುವೆಯೇ ಬಿಟ್ಟು ಕುರಿಯ ಹಿಂದೆ ಹೋದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕುರಿಯ ತುಟಿ ಎತ್ತಿ ಹಲ್ಲು ನೋಡಿದರೆ ಸಾಕು, ವಯಸ್ಸು ಹೇಳುತ್ತೇನೆ. ಹುಮನಾಬಾದಿನ ಸಂತೆಯಲ್ಲಿ ದಲಾಲರೂ ನನ್ನ ಮಾತಿಗೆ ಎದುರಾಡುವುದಿಲ್ಲ. ಇವತ್ತು ಮುಂಜಾನೆ ಮಾಣಿಕನಗರದ ಅಂಗಡಿಯವನೊಬ್ಬ ಆಟೋದಲ್ಲಿ ಒಂದು ಟಗರು ಹಾಕಿಕೊಂಡು ಬಂದಿದ್ದ.

"ಕಾಕಾ, ಇದರ ಉಮರ್ ಎಷ್ಟು ನೋಡ್ರಿ. ಮಾರಿದಾಂವ ಒಂದ ವರ್ಷ ಅಂದಾನ."

ನೋಡಿದೆ. ಹಾಲುಹಲ್ಲು ಬಿದ್ದು ನಾಲ್ಕು ದೊಡ್ಡ ಹಲ್ಲು ಬಂದಿದ್ದವು. "ಎರಡರ ಮ್ಯಾಲ ಅದ. ನಿನಗ ಟೋಪಿ ಹಾಕ್ಯಾನ."

"ನಿಮ್ಮ ಮುಂದ ಯಾರ ಸುಳ್ಳೂ ನಡ್ಯಾಂಗಿಲ್ಲ ಬಿಡ್ರಿ," ಎಂದು ಅವನು ನಕ್ಕ.

ಮೊದಲಾದರೆ ಈ ಮಾತಿಗೆ ಮೀಸೆ ತಿರುವುತ್ತಿದ್ದೆ. ಇವತ್ತು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದವನು ಅವನ ಆಟೋ ಹೊರಡುವ ತನಕ ಹೊರಗೆ ಬರಲಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ನನ್ನ ಮಗಳು ಹುಟ್ಟಿದಾಗ ನಮ್ಮ ಹಿಂಡು ಗೋರ್ಟಾದ ಆಚೆ ಹೊಲದಲ್ಲಿತ್ತು. ಆಸ್ಪತ್ರೆಯಿಲ್ಲ, ಕಾಗದವಿಲ್ಲ. ಅವಳಿಗೆ ನಾಲ್ಕು ತುಂಬಿದ್ದೇ ನನಗೆ ತಡೆಯಲಾಗಲಿಲ್ಲ. ನಾನು ಬಿಟ್ಟದ್ದನ್ನು ಅವಳು ಆದಷ್ಟು ಬೇಗ ಹಿಡಿಯಲಿ ಎಂಬ ಅವಸರ. ಶಾಲೆಗೆ ಕರೆದುಕೊಂಡು ಹೋಗಿ ಆರು ವರ್ಷ ಎಂದೆ.

ಹೆಡ್ ಮಾಸ್ತರರು ಅವಳ ಗಲ್ಲ ಹಿಡಿದು ನೋಡಿದರು. "ಇದ್ಯಾವ ಆರು ವರ್ಷದ ಕೂಸೋ? ಒಂದೂ ಹಲ್ಲು ಬಿದ್ದಿಲ್ಲ."

"ನಮ್ಮ ಮನ್ಯಾಗ ಹಲ್ಲು ತಡಾ ಬೀಳ್ತಾವ್ರಿ ಸರ್."

ಸಂತೆಗೆಲ್ಲ ಹಲ್ಲಿನ ಪಾಠ ಹೇಳುವವನು ಹೇಳಿದ ಮಾತು ಇದು. ಮಾಸ್ತರರು ನಕ್ಕು, ಎಲ್ಲ ಮಕ್ಕಳಿಗೂ ಬರೆಯುವಂತೆ ಜೂನ್ ಒಂದು ಎಂದು ಬರೆದರು. ವರ್ಷ ಮಾತ್ರ ನಾನು ಹೇಳಿದ್ದು. ಆಮೇಲೆ ಎಲ್ಲ ಕಾಗದಗಳಲ್ಲೂ ಅದೇ ಬಂತು. ಮಗಳು ನನ್ನ ಮರ್ಯಾದೆ ಉಳಿಸಿದಳು. ತನಗಿಂತ ಎರಡು ವರ್ಷ ದೊಡ್ಡವರ ನಡುವೆ ಕೂತು ಮೊದಲನೆಯವಳಾದಳು. ಚಹ ಕುಡಿಯುವ ಕಡೆಯೆಲ್ಲ ನಾನು ಅದನ್ನು ಹೇಳಿ ಜನರ ತಲೆ ತಿಂದೆ.

ನಿಜವಾದ ವಯಸ್ಸು ಏಳಾಗುವ ಹೊತ್ತಿಗೆ ಅವಳು ಸರಸರನೆ ಬೆಳೆಯತೊಡಗಿದಳು. ದಸರೆಗೆ ಹೊಲಿಸಿದ ಲಂಗ ಸಂಕ್ರಾಂತಿಗೆ ಮೊಣಕಾಲಿಗೆ ಬಂತು. ಪ್ರಾರ್ಥನೆಯ ಸಾಲಿನಲ್ಲಿ ಕೊನೆಗೆ, ಎತ್ತರದವರ ಜೊತೆ ನಿಲ್ಲತೊಡಗಿದಳು. ನಾನು ಹಿಗ್ಗಿದೆ. ಹೆಂಡತಿ ಹಿಗ್ಗಲಿಲ್ಲ.

"ಇಕಿ ವಯಸ್ಸಿಗಿಂತ ಮೊದಲ ಬೆಳೆಯಾಕತ್ತಾಳ. ನನಗ ಯಾಕೋ ಸರಿ ಅನಸವಲ್ದು."

"ನಮ್ಮಪ್ಪ ಆರಡಿ ಇದ್ದ. ಅವನ ಮೊಮ್ಮಗಳು ಗಿಡ್ಡ ಇರ್ತಾಳೇನು?"

"ಹೆಣ್ಣಮಕ್ಕಳ ಮೈ ನಿಮಗೇನ್ ತಿಳೀತದ? ಡಾಕ್ಟರಿಗಿ ತೋರಸ್ರಿ."

ಬಸವಕಲ್ಯಾಣದಲ್ಲಿ ಮಕ್ಕಳ ಡಾಕ್ಟರರಿಗೆ ತೋರಿಸಿದೆವು. ಅವರು ಎಡಗೈಯ ಎಕ್ಸರೇ ತೆಗೆಸಿದರು. ಅವರ ಹತ್ತಿರ ಒಂದು ದೊಡ್ಡ ಪುಸ್ತಕವಿತ್ತು. ಅದರ ತುಂಬ ಮಕ್ಕಳ ಕೈಯೆಲುಬಿನ ಚಿತ್ರಗಳು. ಒಂದೊಂದು ಪುಟಕ್ಕೆ ಒಂದೊಂದು ವಯಸ್ಸು. ಫಿಲ್ಮನ್ನು ಪುಟಗಳ ಪಕ್ಕ ಹಿಡಿಯುತ್ತ ಹೋಗಿ ಒಂದು ಕಡೆ ನಿಂತರು. ನಮ್ಮ ಹಲ್ಲಿನ ಲೆಕ್ಕದಂಥದೇ ವಿದ್ಯೆ ಎಂದು ನನಗೆ ಅವರ ಮೇಲೆ ಪ್ರೀತಿ ಬಂತು.

"ಇದು ಒಂಬತ್ತು ವರ್ಷದ ಕೈ. ಹುಡುಗಿಗಿ ಎಷ್ಟು? ಶಾಲ್ಯಾಗ ಬರ್ಸಿದ್ದಲ್ಲ, ಖರೇ ವಯಸ್ಸ ಹೇಳ್ರಿ."

ನೋಡಿ, ಅವರು ಕೇಳಿದರು. ನಮ್ಮ ಕಡೆಯ ಜನರನ್ನು ಬಲ್ಲವರು, ಬಿಡಿಸಿಯೇ ಕೇಳಿದರು. ಬಾಗಿಲ ಬಳಿಯ ಬೆಂಚಿನ ಮೇಲೆ ನಮ್ಮ ಶಾಲೆಯ ಮಾಸ್ತರರೊಬ್ಬರು ತಮ್ಮ ಕೂಸನ್ನು ಎತ್ತಿಕೊಂಡು ಕೂತಿದ್ದರು. ಹೆಂಡತಿ ನನ್ನ ಅಂಗಿಯ ತೋಳು ಜಗ್ಗಿದಳು. ನಾನು ಬಿಡಿಸಿಕೊಂಡೆ.

"ಎರಡೂ ಒಂದೇ ರೀ ಸಾಹೇಬ್ರ. ಒಂಬತ್ತು."

"ಹಂಗಾದ್ರ ಏನೂ ಚಿಂತಿಲ್ಲ. ಎಲುಬು, ವಯಸ್ಸು ಎರಡೂ ಕೂಡ್ಯಾವ."

ಮಗಳು ಇನ್ನೊಂದು ಪರೀಕ್ಷೆ ಪಾಸಾದಳೆಂಬಂತೆ ನಾನು ಹೊರಗೆ ಬಂದು ಅವಳಿಗೆ ಬಾಳೆಹಣ್ಣು ಕೊಡಿಸಿದೆ.

ಆಮೇಲಿನದು ಬೇಗ ಮುಗಿಯುತ್ತದೆ. ಮಗಳ ಎತ್ತರ ನಿಂತಿತು. ಒಬ್ಬೊಬ್ಬರಾಗಿ ಗೆಳತಿಯರು ಅವಳನ್ನು ದಾಟಿದರು. ಪ್ರಾರ್ಥನೆಯ ಸಾಲಿನಲ್ಲಿ ಅವಳು ಮುಂದೆ ಮುಂದೆ ಬಂದಳು. ಪೊಲೀಸ್ ಆಗುವ ಆಸೆ ಅವಳಿಗೆ. ಶಾಲೆಗೆ ಬಂದಿದ್ದ ಮಹಿಳಾ ಇನ್ಸ್‌ಪೆಕ್ಟರ್ ತನ್ನ ಟೊಪ್ಪಿಗೆಯನ್ನು ಇವಳ ತಲೆಗೆ ಇಟ್ಟಿದ್ದರಂತೆ. ಪೊಲೀಸರನ್ನು ಎತ್ತರ ಅಳೆದೇ ತೆಗೆದುಕೊಳ್ಳುತ್ತಾರೆ, ಹೆಂಗಸರಿಗೂ ಐದು ಅಡಿಯ ಮೇಲೆ ಬೇಕು ಎಂದು ಅವಳಿಗೂ ಗೊತ್ತು.

ಹೋದ ತಿಂಗಳು ಹುಮನಾಬಾದಿಗೆ ಕರೆದುಕೊಂಡು ಹೋದೆವು. ಮತ್ತೆ ಅದೇ ಎಡಗೈ. ಅಲ್ಲಿನ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು, "ಇದು ಹದಿನೈದರ ಕೈ. ಇಕಿಗೆ ಹದಿಮೂರು ಅಂತೀರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಹನ್ನೊಂದ್ರಿ ಡಾಕ್ಟರ್ ಬಾಯಾರ. ಇವರು ಶಾಲಿಗಿ ಹಾಕಾಕ ಎರಡ ವರ್ಷ ಕೂಡ್ಸ್ಯಾರ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಣಿಕಟ್ಟಿನ ಎಲುಬಿನ ತುದಿಯಲ್ಲಿ ಒಂದು ಕಪ್ಪು ಗೆರೆ ಇರುತ್ತದಂತೆ. ಮಗು ಬೆಳೆಯುವುದು ಅಲ್ಲಿಂದ. ಇವಳದು ಕೂಡಿಕೊಂಡುಬಿಟ್ಟಿತ್ತು. ಬಸವಕಲ್ಯಾಣದ ಎಕ್ಸರೇ ವಿಷಯವನ್ನು ಹೆಂಡತಿ ಹೇಳಿದಾಗ ಡಾಕ್ಟರಮ್ಮ ಅಂದರು: "ಏಳಕ್ಕೇ ಒಂಬತ್ತರ ಎಲುಬು ಇತ್ತಂದ್ರ ಅವಾಗೇ ತಿಳೀತಿತ್ತು. ಸೂಜಿ ಕೊಟ್ಟು ಈ ಗೆರಿ ಲಗೂ ಕೂಡದಂಗ ತಡೀಬಹುದಿತ್ತು. ಈಗ ಇನ್ನೊಂದ ಇಂಚು ಬಂದ್ರ ಭಾಳ ಆತು."

ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಿದ್ದಳು. ಡಾಕ್ಟರಮ್ಮ ಗೆರೆಯ ಮಾತು ಹೇಳುವಾಗ ಅವಳು ಹೊರಗೆ ನೀರು ಕುಡಿಯುತ್ತಿದ್ದಳು; ತಾಯಿ ವಯಸ್ಸು ಹೇಳಿದ್ದನ್ನಷ್ಟೇ ಕೇಳಿಸಿಕೊಂಡಿದ್ದಳು. ಬಹಳ ದಿನಗಳ ಮೇಲೆ ಅವಳ ಮುಖ ಅರಳಿತ್ತು.

"ಅಪ್ಪಾ, ನನಗ ಖರೇನೇ ಹನ್ನೊಂದೇನು?"

"ಹೌದವ್ವ."

"ಅದಕ್ಕ ನಾ ಗಿಡ್ಡ ಇದ್ದೇನಿ. ಅವರೆಲ್ಲಾ ನನಗಿಂತ ದೊಡ್ಡಾಕಿಗೋಳು. ಇನ್ನಾ ಎರಡ ವರ್ಷ ಅದ, ಬೆಳೀತೀನಲ್ಲ?"

ಅವಳ ತಾಯಿ ನನ್ನ ಕಡೆ ನೋಡಿದಳು. ಈ ಸಲ ತೋಳು ಜಗ್ಗಲಿಲ್ಲ. ನಾನು ಹೂಂ ಎಂದೆ.

ಈಗ ನನ್ನ ಬಳಿ ಇರುವುದು ಇಷ್ಟು: ಮೂವತ್ತಾರು ಕುರಿ, ಎಂಟು ಆಡು, ಎರಡೂವರೆ ಎಕರೆ ಹೊಲ, ಎರಡು ಕೋಣೆಯ ಮನೆ, ಹೆಂಡತಿ, ಒಬ್ಬಳು ಮಗಳು. ಮಗಳ ವಯಸ್ಸು ಹನ್ನೊಂದು. ಎತ್ತರ ನಾಲ್ಕು ಅಡಿ ಎಂಟು ಇಂಚು.