ಟೀಚರ್ ರಸ್ತೆಯ ಈ ಕಡೆಗೆ ಬಂದದ್ದು

ಸೈಕಲ್ ಹತ್ತುವ ಮೊದಲು ನಮ್ಮ ಟೀಚರ್ ಸೀರೆಯ ನೆರಿಗೆಗಳನ್ನು ಒಟ್ಟು ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ತಲೆಯಲ್ಲಿ ಒಂದು ಮೊಳ ಮಲ್ಲಿಗೆ, ಹ್ಯಾಂಡಲ್ಲಿನಲ್ಲಿ ಬುತ್ತಿಯ ಚೀಲ. ಕನಕಪುರದವರು, ಮದುವೆಯಾಗಿರಲಿಲ್ಲ. ಹೈಸ್ಕೂಲಿದ್ದ ಊರಲ್ಲೇ ಕೋಣೆ ಮಾಡಿಕೊಂಡು ನಮಗೆ ಲೆಕ್ಕ ಕಲಿಸುತ್ತಿದ್ದರು.

ದೊಡ್ಡಮಳೂರು ದಾಟಿದರೆ ನಮ್ಮೂರು. ಊರು ಹೆದ್ದಾರಿಯ ಈ ಕಡೆ, ಹೈಸ್ಕೂಲು ಆ ಕಡೆ. ಬಿಡದಿಯ ಫ್ಯಾಕ್ಟರಿಗಳು ಹೆಚ್ಚಿದಂತೆ ಲಾರಿಗಳೂ ಕೆಲಸದವರ ಬಸ್ಸುಗಳೂ ಹೆಚ್ಚಿದವು, ರಸ್ತೆ ಅಗಲವಾಯಿತು, ನಡುವೆ ಡಿವೈಡರ್ ಎದ್ದಿತು. ಸ್ಕೂಲಿನ ಎದುರು ಬಿಟ್ಟಿದ್ದ ಕಂಡಿಯನ್ನೂ ಅಪಘಾತವಾಗುತ್ತದೆ ಎಂದು ಮುಚ್ಚಿದರು. ಅಲ್ಲಿಂದ ಸೈಕಲ್ಲಿನವರ ಪಾಡು ನಾಯಿಪಾಡಾಯಿತು. ಹೊಸ ಕಾನೂನಿನಂತೆ ಎಡಕ್ಕೆ ದೂರ ಹೋಗಿ, ಅಲ್ಲಿ ತಿರುಗಿ, ಆ ಬದಿಯಿಂದ ವಾಪಸ್ ಬರಬೇಕು. ಅಷ್ಟು ತುಳಿಯುವವರು ಯಾರು ಎಂದು ಎಲ್ಲರೂ ರಾಂಗ್ ಸೈಡಿನಲ್ಲೇ ಹೋಗಿ ಹತ್ತಿರದ ಇನ್ನೊಂದು ಕಂಡಿಯಲ್ಲಿ ನುಸುಳುತ್ತಿದ್ದರು. ಹಾಗೆ ಹೊರಟ ನಮ್ಮೂರ ಹಾಲಿನವನ ಕಾಲು ಬಸ್ಸಿಗೆ ಸಿಕ್ಕಿ ಮುರಿಯಿತು. ಮಾರನೆಯ ದಿನದಿಂದ ನಮ್ಮನ್ನು, ಹುಡುಗಿಯರನ್ನೆಲ್ಲ, ಮನೆಯವರು ಸ್ಕೂಲು ಬಿಡಿಸಿದರು. ಎಂಟನೇ ಕ್ಲಾಸಿಗೇ ಓದು ಮುಗಿಯಿತಲ್ಲ ಎಂದು ನಾನು ಒಲೆಯ ಮುಂದೆ ಕೂತು ಅತ್ತೆ.

ವಾರ ಕಳೆದ ಮೇಲೆ ಟೀಚರ್ ಮನೆಗೇ ಬಂದರು. ಆಗ ನಮ್ಮಲ್ಲಿ ರೇಷ್ಮೆ ಹುಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬುಟ್ಟಿಗಟ್ಟಲೆ ಸೊಪ್ಪು ಮೇಯುವ ಕಾಲ. ಘಾಟಾಗಲಿ ಘಮವಾಗಲಿ ಹುಳುವಿಗೆ ಆಗದು ಎನ್ನುವುದು ನಮ್ಮ ಕಡೆಯ ಕಟ್ಟಳೆ. ಅವ್ವ ಹೊಸ್ತಿಲಲ್ಲೇ ತಡೆದು, "ಹೂವ ತೆಗ್ದು ಬನ್ನಿ ಮೇಡಂ, ಹುಳ ಐತೆ" ಅಂದಳು. ಅವರು ಮಲ್ಲಿಗೆ ಬಿಚ್ಚಿ ಜಗಲಿಯ ಮೇಲಿಟ್ಟು ಒಳಗೆ ಬಂದು, ನನ್ನನ್ನು ಮತ್ತೆ ಸ್ಕೂಲಿಗೆ ಕಳಿಸಿ ಎಂದು ಕೇಳಿದರು. ಅಪ್ಪ ಮರ್ಯಾದೆಯಿಂದಲೇ ಮಾತಾಡಿದ, ಆದರೆ ಜಗ್ಗಲಿಲ್ಲ.

"ನೀವು ಆ ಕಡೆ ಇರೋರು ಮೇಡಂ. ದಿನಾ ಈ ರೋಡ್ ದಾಟೋರ ಸಂಕ್ಟ ನಿಮಗೇನ್ ಗೊತ್ತಾದದು?" ಅಂದ. ಟೀಚರ್ ಕಾಫಿ ಕುಡಿದು ಎದ್ದು ಹೋದರು.

ಆ ಭಾನುವಾರ ಎತ್ತಿನ ಗಾಡಿಯಲ್ಲಿ ಟ್ರಂಕು, ಹಾಸಿಗೆ ಸುರುಳಿ ಬಂದವು. ಹಿಂದೆ ಸೈಕಲ್ಲಿನಲ್ಲಿ ಟೀಚರ್. ಹುಳುಮನೆಯ ಪಕ್ಕದ ನಮ್ಮ ಖಾಲಿ ಕೋಣೆಯನ್ನು ಅವ್ವನ ಹತ್ತಿರ ಮೊದಲೇ ಕೇಳಿಟ್ಟಿದ್ದರಂತೆ. ಅಪ್ಪನಿಗೆ ಹೇಳಿದ್ದು ಇಷ್ಟೇ: "ಈಗ ನಾನೂ ಈ ಕಡೆಯೋಳು. ನಾಳೆಯಿಂದ ಮಕ್ಕಳನ್ನ ನನ್ನ ಹಿಂದೆ ಕಳ್ಸಿ."

ಮಾರನೆಯ ಬೆಳಗ್ಗೆ ಅಪ್ಪನೇ ನನ್ನ ಸೈಕಲ್ ಒರೆಸಿ ಹೊರಗೆ ತಂದಿಟ್ಟ. ನಾನು ಹೊರಟ ಮೇಲೆ ಮಿಕ್ಕವರೂ ತಮ್ಮ ಹುಡುಗಿಯರನ್ನು ಕಳಿಸಿದರು. ಬೆಳಗ್ಗೆ ಬೇಗ ಹೊರಡುವುದು, ಒಬ್ಬರ ಹಿಂದೆ ಒಬ್ಬರು, ಎಲ್ಲರಿಗಿಂತ ಮುಂದೆ ಟೀಚರ್. ಕಾನೂನಿನಂತೆ ಎಡಕ್ಕೇ ಹೋಗಿ, ದೂರದ ಆ ತಿರುವಿನಲ್ಲಿ ಇಳಿದು ಸೈಕಲ್ ತಳ್ಳಬೇಕು. ಅವರು ಮೊದಲು ರಸ್ತೆಗಿಳಿದು ಕೈ ಎತ್ತಿ ನಿಲ್ಲುತ್ತಿದ್ದರು, ಲಾರಿಗಳು ನಿಧಾನವಾದ ಮೇಲೆ ನಾವು ದಾಟುತ್ತಿದ್ದೆವು. ಸುಸ್ತಾಗಿ ಅಡ್ಡದಾರಿಯಲ್ಲಿ ಹೋಗೋಣವೆಂದು ಗೋಗರೆದರೆ, "ಸುತ್ತಿ ಹೋದ್ರೂ ಸ್ಕೂಲೇ ಸಿಗೋದು, ನಡೀರಿ" ಅನ್ನುತ್ತಿದ್ದರು. ಹುಳುವಿನ ದೆಸೆಯಿಂದ ಮಲ್ಲಿಗೆಯನ್ನು ಸ್ಕೂಲಿನಲ್ಲಿ ಮುಡಿದು, ಸಂಜೆ ಅಲ್ಲೇ ತೆಗೆದಿಟ್ಟು ಬರುವುದಾಯಿತು. ಹೆಡ್‌ಮಾಸ್ಟರಿಗಿಂತ ನಿಮ್ಮ ಹುಳುಗಳೇ ಸ್ಟ್ರಿಕ್ಟು ಎಂದು ಅವ್ವನನ್ನು ರೇಗಿಸುತ್ತಿದ್ದರು. ಆದರೆ ಒಂದು ದಿನವೂ ಆ ಕಟ್ಟಳೆ ಮುರಿಯಲಿಲ್ಲ.

ನಾವೆಲ್ಲ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆಯೇ ಅವರು ಕನಕಪುರಕ್ಕೆ ವರ್ಗ ಮಾಡಿಸಿಕೊಂಡದ್ದು. ನಾನಿವತ್ತು ರಾಮನಗರದಲ್ಲಿ ನರ್ಸ್ ಆಗಿ ನನ್ನ ಅನ್ನ ನಾನೇ ದುಡಿಯುತ್ತಿರುವುದು ಅವರಿಂದ.

ಹೋದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡಾಗ ಕನಕಪುರದ ಅವರ ಮನೆಗೆ ಹೋಗಿ, ಅವರ ತಂಗಿಯ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಆಕೆ ನಂಬಲೇ ಇಲ್ಲ.

"ನಮ್ಮಕ್ಕನಾ? ಲಾರಿ ಅಂದ್ರೆ ನಡುಗೋಳು ಕಣಮ್ಮ. ಸಂತೆಗೋದ್ರೂ ರೋಡ್ ದಾಟೋವಾಗ ನನ್ನ ಕೈ ಬುಡ್ತಿರ್ಲಿಲ್ಲ" ಅಂದರು.

ನಮಗೆ ಅದು ಗೊತ್ತೇ ಆಗಿರಲಿಲ್ಲ. ನಾವು ಹಿಂದೆ ನಿಂತವರು, ನೋಡಿದ್ದು ಅವರ ಬೆನ್ನನ್ನು. ಅವರ ಮುಖ ಲಾರಿಯವರಿಗೆ ಮಾತ್ರ ಕಾಣುತ್ತಿತ್ತು.